ಅರ್ಹತೆ ಇಲ್ಲದ ಆಪಾ

ಮದ್ರಸಾದ ಹೆಣ್ಣುಮಕ್ಕಳ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕುರ್‌ಆನ್ ಓದಿಸಿದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಆಪಾ, ಅಂದರೆ ಅಕ್ಕ, ಎಂದೇ. ಒಂದಕ್ಷರದ ಉಚ್ಚಾರ ಜಾರಿದರೂ ಬಿಡುವವಳಲ್ಲ; ನಾಲಿಗೆ ಎಲ್ಲಿ ತಾಗಬೇಕೆಂದು ತನ್ನ ಬಾಯಿ ತೆರೆದು ತೋರಿಸುತ್ತಿದ್ದಳು. ಅವಳನ್ನು ಏಳನೇ ತರಗತಿಗೇ ಅಪ್ಪ ಶಾಲೆ ಬಿಡಿಸಿದ್ದ. ಆ ಸಂಕಟ ಹೋಗಿರಲಿಲ್ಲ. ಅಣ್ಣನ ಮಗನ ಹಳೇ ಪುಸ್ತಕಗಳನ್ನು ತಂದು ಕೂತು ಓದುವಳು, ತಲೆಗೆ ಹತ್ತಿದ್ದನ್ನು ಮರುದಿನ ಕುರ್‌ಆನ್ ಪಾಠ ಮುಗಿದ ಮೇಲೆ ಹುಡುಗಿಯರಿಗೆ ದಾಟಿಸುವಳು: ಭಿನ್ನರಾಶಿ, ಭೂಪಟ, ಮೈಯಲ್ಲಿ ರಕ್ತ ಓಡುವ ಬಗೆ.

ಒಂದು ದಿನ ಮದ್ರಸಾ ಕಮಿಟಿಯ ಅಧ್ಯಕ್ಷರು ಒಳಗೆ ಇಣುಕಿದಾಗ ಕರಿಹಲಗೆಯ ಮೇಲೆ ಹೃದಯದ ಚಿತ್ರವಿತ್ತು. ತಾವೇ ಒರೆಸಿದರು. ದೀನ್, ಅಂದರೆ ಧರ್ಮ, ಕಲಿಯಲು ಬಂದ ಮಕ್ಕಳ ತಲೆ ಕೆಡಿಸುತ್ತಿದ್ದಾಳೆಂದು ಶುಕ್ರವಾರದ ನಮಾಜಿನ ನಂತರ ಎಲ್ಲರೆದುರು ಹೇಳಿದರು. ಆಪಾಳ ಗಂಡ ದರ್ಜಿ; ಆರು ತಿಂಗಳು ಅವನ ಅಂಗಡಿಯತ್ತ ಯಾರೂ ಸುಳಿಯಲಿಲ್ಲ. ಅವನು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅವಳು ಅಂದಿನಿಂದ ಬಾಗಿಲು ಹಾಕಿಕೊಂಡು ಲೆಕ್ಕ ಹೇಳಿಕೊಟ್ಟಳು.

ಕೆಲವು ವರ್ಷ ಕಳೆದು ಸರ್ಕಾರದ ಆದೇಶ ಬಂತು. ಗಣಿತ, ವಿಜ್ಞಾನ ಕಲಿಸದ ಮದ್ರಸಾಕ್ಕೆ ಮಾನ್ಯತೆಯಿಲ್ಲ. ತಪಾಸಣೆಗೆ ಬಂದ ಅಧಿಕಾರಿಣಿ ಕೇಳಿದ್ದಕ್ಕೆಲ್ಲ ಹುಡುಗಿಯರು ಪಟಪಟನೆ ಉತ್ತರಿಸಿದರು. ಯಾರು ಕಲಿಸಿದ್ದೆಂದಾಗ ಎಲ್ಲರ ಮುಖ ಆಪಾಳತ್ತ ತಿರುಗಿತು. ಜನ್ಮದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಅಧಿಕಾರಿಣಿ ಸರ್ಟಿಫಿಕೇಟು ಕೇಳಿದಳು. ಇಲ್ಲವೆಂದು ತಿಳಿದಾಗ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

"ನಿಮ್ಮ ಕೆಲಸ ನನಗೆ ಕಾಣುತ್ತೆ ಅಮ್ಮಾ. ಆದ್ರೆ ಈ ಕಾಲಮ್ಮಲ್ಲಿ ಏನಂತ ಬರೀಲಿ, ನೀವೇ ಹೇಳಿ."

ವಿದ್ಯಾರ್ಥಿನಿಯರು ಉತ್ತಮ, ಶಿಕ್ಷಕಿಗೆ ಅರ್ಹತೆಯಿಲ್ಲ ಎಂದು ವರದಿ ಹೋಯಿತು. ಮಾನ್ಯತೆ ಕೈತಪ್ಪೀತೆಂದು ಕಮಿಟಿ ಅವಳನ್ನು ಕುರ್‌ಆನ್ ಪಾಠದಿಂದಲೂ ಬಿಡಿಸಿತು. ಆ ಜಾಗಕ್ಕೆ ಅಧ್ಯಕ್ಷರ ಡಿಗ್ರಿ ಮಾಡಿದ್ದ ಸೊಸೆ ಬಂದಳು. ಹೊಸ ತರಗತಿ ಶುರುವಾದ ದಿನ ಅಧ್ಯಕ್ಷರು, ಹೆಣ್ಣುಮಕ್ಕಳು ವಿಜ್ಞಾನ ಓದಬೇಕೆಂದು ತಾವು ಮೊದಲಿಂದಲೂ ಬಡಿದುಕೊಳ್ಳುತ್ತಿದ್ದುದಾಗಿ ಭಾಷಣ ಮಾಡಿದರು. ಜನ ತಲೆದೂಗಿದರು.

ಸೊಸೆ ಕೆಟ್ಟವಳಲ್ಲ. ವಾರ ಕಳೆಯುವುದರೊಳಗೆ ಆಪಾಳ ಮನೆಗೆ ಬಂದು, ಹುಡುಗಿಯರು ಮಾತು ಕೇಳುತ್ತಿಲ್ಲವೆಂದು ಅತ್ತಳು.

"ನೀವು ಬಂದು ಹಿಂದೆ ಕೂತಿದ್ರೆ ಸಾಕು ಆಪಾ. ಮಾವ ಏನೂ ಅನ್ನಲ್ಲ."

"ಹಿಂದೆ ಕೂತು ನಾನೇನು ಕಲೀಬೇಕಮ್ಮ?" ಎಂದಳು ಆಪಾ.

ಅವಳಿಗೆ ಚಹಾ ಕೊಟ್ಟು ಕಳಿಸಿದಳು. ಮದ್ರಸಾಕ್ಕೆ ಮಾತ್ರ ತಾನು ಹೋಗಲಿಲ್ಲ. ಈಗ ಗಂಡನ ಅಂಗಡಿಯ ಒಳಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ಬೀದಿಯಲ್ಲಿ ಹುಡುಗಿಯರ ದನಿ ಕೇಳಿದರೆ ಎದ್ದು ಕಿಟಕಿ ಮುಚ್ಚುತ್ತಾಳೆ.