ಒಂಬತ್ತನೇ ನಂಬರಿನ ಅಂಗಿ ನಾನೇ ಒಗೆದೆ

ನಿಪ್ಪಾಣಿಯಲ್ಲಿ ಗಲ್ಲಿಗೊಂದು ಫುಟ್ಬಾಲ್ ಟೀಮು ಇದ್ದ ದಿನಗಳವು. ತೀರ ಹಿಂದಿನ ಕಾಲವೇನಲ್ಲ. ಕೈಗೆ ಮೊಬೈಲ್ ಬಂದಿತ್ತು, ಟಿ.ವಿ.ಯಲ್ಲಿ ದೊಡ್ಡ ಕಂಪನಿಗಳ ಲೀಗು ಆಗಷ್ಟೇ ಶುರುವಾಗಿತ್ತು. ಆದರೂ ಬೇಸಿಗೆ ಬಂತೆಂದರೆ ನಮಗೆ ಟಿ.ವಿ. ಬೇಕಿರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಮುನಸಿಪಾಲ್ಟಿ ಮೈದಾನದಲ್ಲಿ ಸುಣ್ಣದ ಗೆರೆ ಬೀಳುತ್ತಿತ್ತು. ಚಿಕ್ಕೋಡಿಯವರು, ಏಕಸಂಬಿಯವರು, ರಾಯಬಾಗದವರು ಟೆಂಪೋ ತುಂಬಿಕೊಂಡು ಬರುತ್ತಿದ್ದರು. ಗಾಳಿಯಲ್ಲಿ ತಂಬಾಕಿನ ಘಾಟು, ಕಬ್ಬಿನ ಹಾಲಿನ ಗಾಣದ ಗೆಜ್ಜೆಯ ಸದ್ದು, ಕಾಗದದ ಪೊಟ್ಟಣದಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಚುರಮರಿ. ಅದನ್ನು ತಿಂದ ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟುತ್ತಿದ್ದೆವು.

ನಮ್ಮ ಟೀಮು ತಾಲೀಮಿನದು. ತಾಲೀಮು ಅಂದರೆ ಗರಡಿಮನೆ. ಬೆಳಿಗ್ಗೆ ಅಲ್ಲಿ ಕುಸ್ತಿ, ಸಂಜೆ ಅದೇ ಹುಡುಗರ ಫುಟ್ಬಾಲು. ಎರಡಕ್ಕೂ ಒಬ್ಬರೇ ವಸ್ತಾದರು, ದಸ್ತಗೀರ ಚಾಚಾ. ಹಗಲೆಲ್ಲ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತಿದ್ದಿ, ಸಂಜೆ ಅದೇ ಕಪ್ಪು ಕೈಯಲ್ಲಿ ಚೆಂಡಿಗೆ ಗಾಳಿ ತುಂಬಿ ತರುತ್ತಿದ್ದರು. ಬೈಯಲು ಮರಾಠಿ, ಕಲಿಸಲು ಕನ್ನಡ, ಗೋಲು ಬಿದ್ದರೆ ಉರ್ದು. ಗಲ್ಲಿಯ ಒಂದೊಂದು ಮನೆಗೆ ಒಂದೊಂದು ಪಾಳಿ ಇತ್ತು. ಒಬ್ಬರ ಮನೆಯಿಂದ ನಿಂಬೆಹಣ್ಣು, ಒಬ್ಬರ ಮನೆಯಿಂದ ಅರಿಶಿನದ ಪಟ್ಟು. ನಮ್ಮ ಮನೆಯ ಪಾಳಿ ಅಂಗಿಗಳದು.

ಮ್ಯಾಚ್ ಮುಗಿದ ಕೂಡಲೇ ಹನ್ನೊಂದೂ ಜನ ನಮ್ಮ ಅಂಗಳಕ್ಕೆ ಬಂದು, ಬೆವರಿನಲ್ಲಿ ತೊಯ್ದ ಅಂಗಿಯನ್ನು ಬುಟ್ಟಿಗೆ ಎಸೆದು ಹೋಗುತ್ತಿದ್ದರು. ಅವ್ವ ಮೂಗು ಮುಚ್ಚಿಕೊಂಡೇ ಅವನ್ನು ಸೋಡಾದ ನೀರಿನಲ್ಲಿ ನೆನೆಸಿ, ಒಗೆದು, ಮಾಳಿಗೆಯ ಮೇಲೆ ಒಣಹಾಕುತ್ತಿದ್ದಳು. ಆಟಗಾರ ತನ್ನ ಅಂಗಿ ತಾನು ಒಗೆಯಬಾರದು, ಅದು ತಾಲೀಮಿನ ಕಟ್ಟು. ಬೆವರಿನ ಅಂಗಿ ಬಿಟ್ಟುಹೋದವನು ತಿರುಗಿ ಬರುತ್ತಾನೆ ಎಂದು ಅದರ ಅರ್ಥ. ಟೀಮು ಬಿಡುವವನು ಮಾತ್ರ ತನ್ನ ಅಂಗಿ ತಾನೇ ಒಗೆದು, ಮಡಚಿ, ತಾಲೀಮಿನ ಕಟ್ಟೆಯ ಮೇಲೆ ಹನುಮಪ್ಪನ ಫೋಟೋದ ಮುಂದೆ ಇಟ್ಟು ಹೋಗಬೇಕು. ಹಾಗೆ ಇಟ್ಟ ಅಂಗಿಗೆ ಯಾರೂ ಕಾರಣ ಕೇಳಬಾರದು.

ಈ ಅರ್ಥವೆಲ್ಲ ನನಗೆ ಆಮೇಲೆ ಗೊತ್ತಾಯಿತು. ಶಾಲೆಯಲ್ಲಿ ಆರನೇ ಇಯತ್ತೆ ಓದುತ್ತಿದ್ದ ಹುಡುಗಿ ನಾನು, ಮೈದಾನದಲ್ಲಿ ನಿಂಬೆಹೋಳಿನ ಡಬ್ಬಿ ಹಿಡಿಯುವವಳು. ಹಿಂದಿನ ವರ್ಷ ಗೋಲ್‌ಕೀಪರ್ ಒಬ್ಬ ಬಸ್ ಡಿಪೋದ ನೌಕರಿ ಸಿಕ್ಕು ಹೋಗುವಾಗ ಕಟ್ಟೆಯ ಮೇಲೆ ಅಂಗಿ ಇಟ್ಟಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಎಲ್ಲರೂ ತಲೆ ಬಾಗಿಸಿ ನಿಂತಿದ್ದರು. ಚಾಚಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಿದ್ದರು. ಬಹಳ ಚೆನ್ನಾಗಿ ಆಡಿದವನಿಗೆ ಮಾಡುವ ಮರ್ಯಾದೆ ಅದು ಎಂದು ನಾನು ತಿಳಿದೆ. ನಮ್ಮ ಬಾಳು ಕಾಕಾನ ಅಂಗಿಗೆ ಮಾತ್ರ ಯಾಕೆ ಮಾಡುವುದಿಲ್ಲ ಎಂದು ಒಳಗೊಳಗೇ ಸಿಟ್ಟೂ ಇತ್ತು.

ಬಾಳು ಕಾಕಾ ಅಪ್ಪನ ತಮ್ಮ. ಒಂಬತ್ತನೇ ನಂಬರು. ಅವನ ಕಾಲಿಗೆ ಚೆಂಡು ಬಂತೆಂದರೆ ಮಾಳಿಗೆಯ ಮೇಲೆ ಬೀಡಿ ಕಟ್ಟುತ್ತ ಕೂತ ಹೆಂಗಸರೂ ಎದ್ದು ನಿಲ್ಲುತ್ತಿದ್ದರು. ಸೆಮಿಫೈನಲ್‌ನಲ್ಲಿ ರಾಯಬಾಗದವರಿಗೆ ಅವನು ಹೊಡೆದ ಎರಡು ಗೋಲನ್ನು ಕಂಪನಿಯ ಲೀಗಿನವನೊಬ್ಬ ನೋಡಿದ. ಇಸ್ತ್ರಿ ಮಾಡಿದ ಟೀ ಶರ್ಟು, ಕೊರಳಲ್ಲಿ ಐಡಿ ಕಾರ್ಡು. ಹೊಸ ಟೀಮು ಕಟ್ಟುತ್ತಿದ್ದೇವೆ, ಬೆಳಗಾವಿಯಲ್ಲಿ ಮೂರು ದಿನ ಟ್ರಯಲ್ ಇದೆ, ಬಾ ಎಂದ. ಬೂಟು ಅವರದೇ, ಊಟ ಅವರದೇ, ಮೊಣಕಾಲು ನೋಡಲು ಡಾಕ್ಟರೂ ಇದ್ದರಂತೆ. ನಮ್ಮಲ್ಲಿ ಮೊಣಕಾಲಿಗೆ ಅರಿಶಿನ ಬಿಟ್ಟರೆ ದೇವರೇ ಗತಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹೊರಗಿನವನು ಬಂದು ಹೇಳಿದ ಮೇಲೆಯೇ ಕಾಕಾ ಎಷ್ಟು ದೊಡ್ಡ ಆಟಗಾರ ಅಂತ ಗಲ್ಲಿಯ ಅರ್ಧ ಜನಕ್ಕೆ ತಿಳಿದದ್ದು.

ಕಾಕಾ ನಮ್ಮ ಅಂಗಳದಲ್ಲೇ ಚಾಚಾನ ಎದುರು ನಿಂತು ಹೇಳಿದ.

"ಹೋಗಿ ನೋಡಿ ಬರ್ತೀನ್ರಿ ಚಾಚಾ. ಐತವಾರ ಫೈನಲ್‌ಕ ಇಲ್ಲೇ ಇರ್ತೀನಿ."

"ಅವರು ಬಿಡಲಿಲ್ಲಂದ್ರ?"

ಕಾಕಾ ನಕ್ಕು, ಮೈಮೇಲಿನ ಅಂಗಿ ತೆಗೆದು ಬುಟ್ಟಿಗೆ ಎಸೆದ. "ನೋಡ್ರಿ, ಬೆವರಿನ ಅಂಗಿ ಬಿಟ್ಟ ಹೊಂಟೀನಿ. ಇನ್ನೇನ ಬೇಕ್ರಿ?"

ಚಾಚಾ ಅವನ ಬರಿಬೆನ್ನಿಗೆ ಒಂದು ಗುದ್ದು ಕೊಟ್ಟು, "ಹೋಗಲೇ, ಹೋಗ" ಎಂದರು. ಅವರ ಮುಖ ಅರಳಿತ್ತು.

ಅದೇ ಸಂಜೆ ರಾಯಬಾಗದಿಂದ ಫೋನು ಬಂತು. ಮಾವಶಿಗೆ, ಅಂದರೆ ಅವ್ವನ ತಂಗಿಗೆ, ಹೆರಿಗೆ ನೋವು ಎದ್ದಿದೆ ಎಂದು ಅವ್ವ ಗಡಿಬಿಡಿಯಲ್ಲಿ ಬಸ್ಸು ಹತ್ತಿದಳು. ಅಪ್ಪ ಲಾರಿಯ ಮೇಲೆ ಮುಂಬೈ ದಾರಿಯಲ್ಲಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ಕಿವಿ ಮಂದವಾಗಿದ್ದ ಅಜ್ಜಿ. ಒಗೆಯುವ ಪಾಳಿಯನ್ನು ಅವ್ವ ಪಕ್ಕದ ಮನೆಯವರಿಗೆ ಹೇಳಿಹೋಗಿದ್ದಳು. ಅವರು ಬುಟ್ಟಿ ಒಯ್ಯಲು ಬಂದಾಗ ಕಾಕಾನ ಅಂಗಿಯನ್ನು ಮಾತ್ರ ಬಚ್ಚಿಟ್ಟುಕೊಂಡೆ. ನಮ್ಮ ಕಾಕಾನ ಅಂಗಿ ಬೇರೆಯವರ ಕೈಗೆ ಯಾಕೆ ಹೋಗಬೇಕು?

ಶುಕ್ರವಾರ ಅದನ್ನು ನಾನೇ ಒಗೆದೆ. ಕೊರಳ ಪಟ್ಟಿಯ ಕೊಳೆಗೆ ಎರಡೆರಡು ಸಲ ಸಾಬೂನು ಹಚ್ಚಿ ತಿಕ್ಕಿದೆ. ಬಿಸಿನೀರಿನ ತಂಬಿಗೆಯಿಂದ ಒತ್ತಿ ಇಸ್ತ್ರಿ ಮಾಡಿದೆ, ನಂಬರು ಮೇಲೆ ಬರುವಂತೆ ಮಡಚಿದೆ. ಮಧ್ಯಾಹ್ನ ತಾಲೀಮಿನಲ್ಲಿ ಯಾರೂ ಇಲ್ಲದಾಗ ಹೋಗಿ ಹನುಮಪ್ಪನ ಮುಂದೆ ಕಟ್ಟೆಯ ಮೇಲೆ ಇಟ್ಟು, ಒಂದು ದಾಸವಾಳದ ಹೂವನ್ನೂ ಏರಿಸಿ ಬಂದೆ. ಅವತ್ತಿನಷ್ಟು ಸಂತೋಷ ನನಗೆ ಆಮೇಲೆ ಯಾವ ಕೆಲಸ ಮಾಡಿದಾಗಲೂ ಆಗಿಲ್ಲ.

ಸಂಜೆ ಮರ್ಯಾದೆ ನೋಡಲು ಓಡಿಹೋದೆ. ಹುಡುಗರೆಲ್ಲ ನಿಂತಿದ್ದರು, ತಲೆ ಬಾಗಿಸಿಯೇ ನಿಂತಿದ್ದರು. ಆದರೆ ಒಬ್ಬನ ಕಣ್ಣಲ್ಲಿ ನೀರಿತ್ತು. ಇನ್ನೊಬ್ಬ ಗೋಡೆಗೆ ಹಣೆ ಕೊಟ್ಟಿದ್ದ. ಚಾಚಾ ಅಂಗಿಯನ್ನು ಎತ್ತಿರಲಿಲ್ಲ. ಅದನ್ನೇ ನೋಡುತ್ತ ಕೆಮ್ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು.

"ಫೋನ್ ಹಚ್ಚಿ ಕೇಳೂಣೇನ್ರಿ?" ಎಂದ ಒಬ್ಬ.

"ಬ್ಯಾಡ. ಇಟ್ಟ ಅಂಗಿಗೆ ಕಾರಣ ಕೇಳಬಾರದು."

ಅಷ್ಟರಲ್ಲಿ ಬಾಗಿಲಲ್ಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಹತ್ತಿರ ಕರೆದರು. ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಆದರೂ ನನಗೆ ಗುರುತು ಸಿಗಲಿಲ್ಲ.

"ಸವಿ, ನಿಮ್ಮ ಕಾಕಾ ಫೋನ್ ಮಾಡಿದ್ನೇನ?"

"ಹೂಂ." ಅದು ಖರೆಯೇ ಆಗಿತ್ತು. ಗುರುವಾರ ಫೋನ್ ಮಾಡಿ, ನಿನಗೆ ಕುಂದಾ ತರ್ತೀನಿ ಎಂದಿದ್ದ.

"ಇದನ್ನ ಇಲ್ಲಿ ಇಡು ಅಂತ ಅವನ ಹೇಳಿದ್ನೇನ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನೋ ದೊಡ್ಡ ತಪ್ಪು ನಡೆದುಹೋಗಿದೆ ಎಂಬುದಷ್ಟೇ ಗೊತ್ತಾಯಿತು. ನಾನೇ ಇಟ್ಟೆ ಎಂದರೆ ತಪ್ಪು ನನ್ನದಾಗುತ್ತದೆ, ಹೊಡೆತ ಬೀಳುತ್ತದೆ. ನಾನು ಗೋಣು ಹಾಕಿದೆ. ಹೌದು ಎಂದು ಬಾಯಿ ಬಿಟ್ಟು ಹೇಳಲೂ ಇಲ್ಲ, ಬರೀ ಗೋಣು ಹಾಕಿದೆ. ಚಾಚಾ ಎದ್ದು, ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಲಿಸಿದ್ದರು. ಆಡದಿದ್ದರೂ ಹೋಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ. ಶನಿವಾರವಿಡೀ ಹೊಟ್ಟೆನೋವು ಎಂದು ಹೊದ್ದು ಮಲಗಿದೆ. ಕಾಕಾ ಬಂದ ಮೇಲೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ, ಅವನೇ ಕೇಳುತ್ತಾನೆ, ಅವರೇ ಹೇಳುತ್ತಾರೆ ಎಂದು ಅಂದುಕೊಂಡೆ.

ಭಾನುವಾರ ಚಿಕ್ಕೋಡಿಯವರ ಜೊತೆ ಫೈನಲ್. ಬಸ್‌ಸ್ಟ್ಯಾಂಡಿನಿಂದ ಕಾಕಾ ನೆಟ್ಟಗೆ ಮೈದಾನಕ್ಕೇ ಬಂದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಕುಂದಾದ ಡಬ್ಬಿ. ಅಷ್ಟೊತ್ತಿಗೆ ಟೀಮು ಗೆರೆಯ ಬಳಿ ನಿಂತಿತ್ತು. ಒಂಬತ್ತನೇ ನಂಬರು ಬೇರೆ ಹುಡುಗನ ಬೆನ್ನ ಮೇಲಿತ್ತು. ಕಾಕಾ ಅದನ್ನು ನೋಡಿದ. ಚಾಚಾನನ್ನು ನೋಡಿದ. ಕಂಪನಿಯವರ ಬಾಗಿಲಿಗೆ ಹೋದದ್ದಕ್ಕೆ ತನ್ನನ್ನು ತೆಗೆದುಹಾಕಿದ್ದಾರೆ ಎಂದು ಅವನು ತಿಳಿದ. ಒಂದು ಅಡಿ ದೂರದಲ್ಲಿ ನಿಂಬೆಹೋಳಿನ ಡಬ್ಬಿ ಹಿಡಿದು ನಿಂತಿದ್ದ ನನಗೆ ಅದು ಅವನ ಮುಖದಲ್ಲಿ ಕಂಡಿತು.

"ಬಂದಿಯಾ?" ಎಂದರು ಚಾಚಾ. "ಆಟ ನೋಡಾಕ ಬಂದಿಯೇನ?"

ಕಾಕಾ ಬೆನ್ನಿನ ಬ್ಯಾಗನ್ನು ಕೆಳಗಿಳಿಸಿದ. "ಹೌದ್ರಿ. ನೋಡಾಕ ಬಂದೀನ್ರಿ."

ಕಾರಣ ಕೇಳದೆಯೇ ಇಬ್ಬರೂ ಒಬ್ಬರಿಗೊಬ್ಬರು ಅಷ್ಟು ಮರ್ಯಾದೆ ಕೊಟ್ಟುಕೊಂಡರು. ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಅಷ್ಟರಲ್ಲಿ ಸೀಟಿ ಊದಿಬಿಟ್ಟರು. ಆಟದುದ್ದಕ್ಕೂ ಕಾಕಾ ಗೋಲಿನ ಹಿಂದೆ ಪ್ಯಾಂಟು ಶರ್ಟಿನಲ್ಲಿ ನಿಂತಿದ್ದ. ನಾವು ಒಂದು ಗೋಲಿನಿಂದ ಸೋತೆವು. ಮರುದಿನ ಬೆಳಿಗ್ಗೆ ಅವನು ಬೆಳಗಾವಿಗೆ ಹೋದ.

ಕಂಪನಿಯ ಟೀಮಿನಲ್ಲಿ ಅವನ ಬೆನ್ನ ಮೇಲೆ ಅವನದೇ ಹೆಸರು ಬರೆದಿದ್ದರು. ಗಲ್ಲಿಯವರೆಲ್ಲ ಮೊಬೈಲಿನಲ್ಲಿ ನೋಡಿದೆವು. ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಯಾಕೆ ಹೇಳಲಿ? ಆದರೆ ಎರಡು ವರ್ಷ ಕಳೆದ ಮೇಲೆ ಆ ಟೀಮು ಬೇರೆ ಕಂಪನಿಯ ಕೈಗೆ ಹೋಯಿತು, ಊರೂ ಬದಲಾಯಿತು, ಅಲ್ಲಿಯ ಹುಡುಗರೇ ಬೇಕೆಂದರು. ಕಾಕಾ ತಿರುಗಿ ಬಂದ, ತಾಲೀಮಿಗೆ ಮಾತ್ರ ಹೋಗಲಿಲ್ಲ. ಕುಡಚಿಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ ಕೆಲಸ ಹಿಡಿದ. ಬಾಳೂನೇ ಹೋದ ಮೇಲೆ ನಮ್ಮದೇನು ಎಂದು ಉಳಿದ ಒಳ್ಳೆಯ ಹುಡುಗರೂ ಒಬ್ಬೊಬ್ಬರಾಗಿ ಟ್ರಯಲ್‌ಗಳಿಗೆ ಹೋದರು. ಹನ್ನೊಂದು ಜನ ಕೂಡದ ವರ್ಷ ಟೀಮು ನಿಂತಿತು. ಈಗ ಬೈಪಾಸಿನ ಹತ್ತಿರ ಹಸಿರು ಪ್ಲಾಸ್ಟಿಕ್ಕಿನ ಟರ್ಫ್ ಇದೆ, ಸುತ್ತ ಬಲೆ, ಗಂಟೆಗಿಷ್ಟು ಎಂದು ಬಾಡಿಗೆ. ಹುಡುಗರು ಚೆನ್ನಾಗಿ ಆಡುತ್ತಾರೆ. ಸೋತರೆ ಗಲ್ಲಿಯಲ್ಲಿ ಯಾರ ಮನೆಯ ಒಲೆಯೂ ತಡವಾಗಿ ಹೊತ್ತುವುದಿಲ್ಲ. ಅವರು ಎಲ್ಲಿಯವರು ಎಂದು ಕೇಳಿದರೆ ಯಾವುದೋ ದೂರದ ಊರಿನ ಟೀಮಿನ ಹೆಸರು ಹೇಳುತ್ತಾರೆ.

ಚಾಚಾ ಮತ್ತು ಕಾಕಾ ಆಮೇಲೆ ಎಷ್ಟೋ ಸಲ ದಾರಿಯಲ್ಲಿ ಎದುರಾದರು. ಆರಾಮ ಅದೀಯೇನ? ಆರಾಮ್ರಿ. ಅಷ್ಟೇ. ಪ್ರತಿ ರಂಜಾನಿಗೆ ಚಾಚಾನ ಮನೆಯ ಶೀರ್‌ಖುರ್ಮಾ ಕುಡಿಯುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬಟ್ಟಲು ಖಾಲಿಯಾಗುತ್ತಿತ್ತು, ನಾನು ಎದ್ದು ಬರುತ್ತಿದ್ದೆ. ಅವರು ನನ್ನ ತಲೆ ಸವರಿದಾಗೆಲ್ಲ ಅವತ್ತು ಹಾಕಿದ ಗೋಣು ಭಾರವಾಗುತ್ತಿತ್ತು.

ಹೋದ ಚಳಿಗಾಲ ಚಾಚಾ ತೀರಿಕೊಂಡರು. ಕಾಕಾ ಕುಡಚಿಯಿಂದ ಬಂದು ಜನಾಜಕ್ಕೆ ಹೆಗಲು ಕೊಟ್ಟ. ಮಣ್ಣು ಮುಗಿಸಿ ಬಂದು ನಮ್ಮ ಅಂಗಳದಲ್ಲಿ ಕೈಕಾಲು ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ಹಾಕುತ್ತಲೇ ಎಲ್ಲವನ್ನೂ ಹೇಳಿದೆ. ಅಂಗಿ ಒಗೆದದ್ದು, ಇಟ್ಟದ್ದು, ಗೋಣು ಹಾಕಿದ್ದು.

ಅವನು ಬಗ್ಗಿದವನು ಬಗ್ಗಿಯೇ ಇದ್ದ.

"ಅವತ್ತ ಫೈನಲ್‌ಕ ಕಂಪನಿಯವರಿಗೆ ಒಲ್ಲೆ ಅಂದ ಬಂದಿದ್ದೆ" ಎಂದ. ಆಮೇಲೆ ಕೇಳಿದ, "ಚಾಚಾಗ ಇದನ್ನ ಹೇಳಿದ್ದಿಯೇನ?"

"ಇಲ್ಲ."

"ಹಂಗಾರ ನಾನ ಬಿಟ್ಟ ಹೋದೆ ಅಂತ ತಿಳಕೊಂಡ ಹೋದ್ರಲ್ಲ ಅವರು."

ಚಪ್ಪಲಿ ಮೆಟ್ಟಿಕೊಂಡು ಕುಡಚಿಯ ಬಸ್ಸಿಗೆ ಹೊರಟ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.