ಬೆಕ್ಕಿನ ವಾಂತಿ, ನನ್ನ ಕೈಗುಣ

ನನ್ನ ಕೈಗುಣ ಬಲು ಒಳ್ಳೆಯದೆಂದು ಲಗ್ಗೆರೆಯ ನಮ್ಮ ಬೀದಿ ಒಂದೆರಡು ದಿನ ನಂಬಿತ್ತು. ಬೀದಿಯ ಮಾತು ಬಿಡಿ, ನಾನೇ ನಂಬಿದ್ದೆ. ಹೇಳಿಕೊಂಡರೆ ನಾಚಿಕೆ, ಹೇಳದಿದ್ದರೆ ಹೊಟ್ಟೆಯುಬ್ಬರ. ನಾಚಿಕೆಯೇ ವಾಸಿ.

ಆಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಶಿಫ್ಟು. ಹೆಂಡತಿ ಗಾರ್ಮೆಂಟ್ಸಿನಲ್ಲಿ ಟೈಲರ್. ಬೆಳಗ್ಗೆ ಏಳೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಗಂಡ ಹೆಂಡತಿ ನೆಟ್ಟಗೆ ಮುಖ ನೋಡಿಕೊಳ್ಳುತ್ತಿದ್ದದ್ದು ಭಾನುವಾರ. ಉಳಿದ ಆರು ದಿನ ನಮ್ಮಿಬ್ಬರ ಮುಖವನ್ನೂ ಸರಿಯಾಗಿ ನೋಡುತ್ತಿದ್ದದ್ದು ಬೆಕ್ಕು ಒಂದೇ. ಕಂದು ಪಟ್ಟೆಯ ಹೆಣ್ಣುಬೆಕ್ಕು. ಮರಿಯಾಗಿದ್ದಾಗ ಬಸ್‌ಸ್ಟಾಪಿನಲ್ಲಿ ಅರಚುತ್ತಿತ್ತೆಂದು ಹೆಂಡತಿ ಅದನ್ನು ಊಟದ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ಅವಳು ಕೂತರೆ ಅದು ಮಡಿಲಲ್ಲಿ, ಅವಳು ಮಲಗಿದರೆ ಅದು ಕಾಲ ಬಳಿ. ನನ್ನನ್ನು ಅದು ಬಾಡಿಗೆದಾರನಂತೆ ಸಹಿಸಿಕೊಂಡಿತ್ತು.

ಆ ಬೆಕ್ಕು ಇದ್ದಕ್ಕಿದ್ದಂತೆ ತಿಂದದ್ದನ್ನೆಲ್ಲ ಕಕ್ಕತೊಡಗಿತು. ಹಾಲು ಕೊಟ್ಟರೆ ಹಾಲು, ಮೊಸರನ್ನ ಕೊಟ್ಟರೆ ಮೊಸರನ್ನ, ಏನೂ ಕೊಡದಿದ್ದರೆ ಹಳದಿ ನೀರು. ಕೆಳಗಿನ ಮನೆಯಲ್ಲಿ ನಮ್ಮ ಓನರ್ ಅಜ್ಜಿ ಇದ್ದರು. ಲಗ್ಗೆರೆ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ಅವರು ಮೆಟ್ಟಿಲ ಮೇಲೆ ಕೂತೇ ತೀರ್ಪು ಕೊಟ್ಟರು: "ಅದಕ್ಕೇನಾಗದೆ? ಗರಿಕೆ ತಿಂದ್ರೆ ಸರಿಯೋಯ್ತದೆ ಬುಡು."

ಗರಿಕೆಯೂ ವಾಪಸು ಬಂತು. ಬೆಕ್ಕಿನ ಬೆನ್ನುಮೂಳೆ ಕೈಗೆ ಸಿಗತೊಡಗಿದಾಗ ಹೆಂಡತಿ ಅದನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಕಟ್ಟಿ, ರಾಜಗೋಪಾಲನಗರದ ಪ್ರಾಣಿಗಳ ಡಾಕ್ಟರಮ್ಮನ ಬಳಿಗೆ ನನ್ನನ್ನು ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದರು. "ಎರಡು ಗಂಟೆಗೊಂದ್ಸಲ ಕೋಳಿ ಬೇಯಿಸಿದ ನೀರು, ಮೂರೇ ಚಮಚ. ಯಾವಾಗ ಕೊಟ್ರಿ, ಇಟ್ಕೊಳ್ತಾ, ಕಕ್ತಾ, ಯಾವ ಬಣ್ಣ, ಎಲ್ಲ ಬರ್ದಿಡಿ. ಐದು ದಿನ ಆದ್ಮೇಲೆ ತನ್ನಿ. ಅದನ್ನ ನೋಡೇ ನಾನು ಮುಂದಕ್ಕೆ ಹೇಳೋದು. ಮೈಯಲ್ಲಿ ಶಕ್ತಿ ಇಲ್ಲ ಇದಕ್ಕೆ, ತಪ್ಪು ಮಾಡೋಕೆ ಟೈಮಿಲ್ಲ."

ಬರೆದಿಡುವುದು! ನನ್ನ ಎದೆ ಎರಡಿಂಚು ಉಬ್ಬಿತು. ಅದೇ ನನ್ನ ಉದ್ಯೋಗ. ಮನೆಗೆ ಬಂದವನೇ ಸ್ಕೇಲು ಹಿಡಿದು ಗೆರೆ ಎಳೆದೆ. ವೇಳೆ, ಪ್ರಮಾಣ, ಫಲಿತಾಂಶ, ಷರಾ. ಬೆಳಗಿನ ಎಂಟು, ಹತ್ತು, ಹನ್ನೆರಡು ನನ್ನವು. ಸಂಜೆಯ ಆರು, ಎಂಟು, ಹತ್ತು ಅವಳವು. ಹಾಳೆಯನ್ನು ಗೋಡೆಗೆ ಅಂಟಿಸಿ, "ನೋಡು, ಇದಕ್ಕೆ ಸಿಸ್ಟಮ್ ಅಂತಾರೆ" ಎಂದೆ. ಹೆಂಡತಿ ಕಣ್ಣರಳಿಸಿ ನೋಡಿದಳು. ಬೆಕ್ಕು ಹಾಳೆಯ ಕೆಳಗೇ ಒಮ್ಮೆ ಕಕ್ಕಿತು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಗಂಟೆಗೊಮ್ಮೆ ಐದು ಪೀಸು ಅಳೆದು ಬರೆಯಬೇಕೆಂಬುದು ನಿಯಮ. ಶಿಫ್ಟು ಮುಗಿಯಲು ಹತ್ತು ನಿಮಿಷ ಇರುವಾಗ ಎಂಟು ಗಂಟೆಗಳದ್ದನ್ನೂ ಒಟ್ಟಿಗೆ ಬರೆಯುವುದು ನನ್ನ ಪದ್ಧತಿ. ಎಲ್ಲ ಅಂಕಿ ಒಂದೇ ಇದ್ದರೆ ಅನುಮಾನ ಬರುತ್ತದೆ. ಹಾಗಾಗಿ ಒಂದು ಕೂದಲೆಳೆ ಹೆಚ್ಚು, ಒಂದು ಕೂದಲೆಳೆ ಕಡಿಮೆ. ನಡುವೆ ಪೆನ್ನು ಬದಲಾಯಿಸಬೇಕು. ಇದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಮೊದಲ ದಿನ ಬೆಕ್ಕಿನ ಪಕ್ಕ ಕೂತು ನಿಯತ್ತಾಗಿ ಬರೆದೆ. ಮೂರು ಸಲ ಕೊಟ್ಟೆ, ಮೂರು ಸಲವೂ ಕಕ್ಕಿತು. ಎರಡನೆಯ ದಿನ ನಿದ್ದೆ ಗೆದ್ದಿತು. ಎದ್ದಾಗ ಹನ್ನೊಂದು. ಸೂಪು ಪಾತ್ರೆಯಲ್ಲೇ ಇತ್ತು, ನೆಲದ ಮೇಲೆ ಹಳದಿ ನೀರು. ಫಿನಾಯಿಲ್ ಹಾಕಿ ಒರೆಸಿ, ಹಾಳೆಯ ಮುಂದೆ ನಿಂತೆ. ಕೈ ತಾನಾಗಿಯೇ ಬರೆಯಿತು: ಎಂಟು ಗಂಟೆ, ಮೂರು ಚಮಚ, ಇಟ್ಟುಕೊಂಡಿದೆ. ಹತ್ತು ಗಂಟೆ, ಎರಡೂವರೆ ಚಮಚ, ಇಟ್ಟುಕೊಂಡಿದೆ. ಪೆನ್ನು ಬದಲಾಯಿಸಿ ಹನ್ನೆರಡರದ್ದನ್ನೂ ಮುಂಚಿತವಾಗಿಯೇ ಬರೆದೆ. ಕೊಡದ ಸೂಪನ್ನು ಅದು ಕಕ್ಕಿರಲಿಲ್ಲವಲ್ಲ, ಅಷ್ಟರಮಟ್ಟಿಗೆ ಸತ್ಯವೇ! ಮೂರು, ನಾಲ್ಕು, ಐದನೆಯ ದಿನವೂ ಇದೇ ಸತ್ಯ.

ಹೆಂಡತಿಯ ಸಾಲುಗಳು ಬೇರೆ ಥರ ಇದ್ದವು. "ಮೂರು ಚಮಚ ಕೊಟ್ಟೆ. ಎರಡು ಕಕ್ಕಿತು. ಬಿಳಿ ನೊರೆ. ಆಮೇಲೆ ನನ್ನ ಮುಖ ನೋಡಿತು." ಷರಾ ಬರೆಯುವ ಕ್ರಮ ಇದಲ್ಲ ಎಂದು ನಾನು ತಿದ್ದಿಯೂ ಇದ್ದೆ.

ಐದು ದಿನ ಕಳೆದು ಡಾಕ್ಟರಮ್ಮ ಹಾಳೆಯ ಮೇಲೆ ಬೆರಳಾಡಿಸಿದರು. "ಬೆಳಗ್ಗೆ ಹೊತ್ತು ಚೆನ್ನಾಗಿ ಸುಧಾರಿಸಿದೆ. ಸಂಜೆ ಆದ್ರೆ ವಾಂತಿ. ಸಂಜೆ ಬೇರೆ ಏನಾದ್ರೂ ಕೊಡ್ತಿದೀರಾ ಮೇಡಂ?"

"ಇಲ್ಲ ಮೇಡಂ. ಅದೇ ಸೂಪು. ಅಷ್ಟೇ ಚಮಚ."

"ನೆನಪು ಮಾಡ್ಕೊಳಿ."

ಹೆಂಡತಿ ತನ್ನ ಅಂಗೈ ನೋಡಿಕೊಂಡಳು. ಡಾಕ್ಟರಮ್ಮ ಬೆಳಗಿನ ಮಾತ್ರೆಯನ್ನು ಸಂಜೆಗೆ ಬದಲಾಯಿಸಿ, ಬೆಳಗ್ಗೆ ಹೇಗೂ ದಕ್ಕುತ್ತದಲ್ಲ ಎಂದು ಆರು ಚಮಚ ಕೊಡಲು ಹೇಳಿದರು. ನಾನು ಬಾಯಿ ತೆರೆಯಬೇಕಿತ್ತು. ತೆರೆದೆ, "ಥ್ಯಾಂಕ್ಸ್ ಮೇಡಂ" ಎಂದೆ.

ಸುದ್ದಿ ನಮಗಿಂತ ಮೊದಲೇ ಬೀದಿ ಮುಟ್ಟಿದಂತಿತ್ತು. ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿ, ಕೈಯಲ್ಲಿ ಕರಿಬೇವಿನ ಸಸಿ ಇಟ್ಟರು. "ನಾನು ನೆಟ್ಟಿದ್ದು ಮೂರೂ ಒಣಗೋಯ್ತು. ನಿನ್ ಕೈಗುಣ ಸೆಂದಾಗದಂತಲ್ಲಪ್ಪ, ನೀನೇ ಊರು." ಊರಿದೆ. ಪಕ್ಕದ ಮನೆಯವರು ತಮ್ಮ ಮಗುವಿಗೆ ನನ್ನಿಂದಲೇ ಒಂದು ತುತ್ತು ತಿನ್ನಿಸಿಕೊಂಡು ಹೋದರು. ತಿನ್ನಿಸಿದೆ. ಬೇಡವೆನ್ನುವಷ್ಟು ಸಣ್ಣವನು ನಾನಾಗಿರಲಿಲ್ಲ.

ಆದರೆ ಮಾರನೆಯ ಬೆಳಗ್ಗೆ ನಾನು ಎದ್ದದ್ದು ಬೇಗ, ಕಾರಣ ಅಜ್ಜಿ ಬಾಗಿಲು ಬಡಿದದ್ದು. "ನಿನ್ನೆಂಡ್ತಿ ಮೆಟ್ಲಿಳೀತಾ ಅಳ್ತಿದ್ಲು ಕಣಪ್ಪ. ನನ್ ಕೈಯೇ ಸರಿ ಇಲ್ಲ ಅಜ್ಜಿ, ಮುಟ್ಟಿದ್ರೆ ಬೆಕ್ಕು ಸಾಯ್ತದೆ ಅಂದ್ಲು. ರಾತ್ರಿಯೆಲ್ಲ ಮುಟ್ಟೇ ಇಲ್ವಂತೆ. ಸಂಜೆಗೂ ನೀನೇ ರಜಾ ಹಾಕಿ ತಿನ್ನಿಸ್ಬೇಕಂತೆ, ಕೇಳೋಕೆ ಸಂಕೋಚ ಅವ್ಳಿಗೆ."

ಒಳಗೆ ಬಂದು ನೋಡಿದೆ. ಬೆಕ್ಕು ಅವಳ ಚಾಪೆಯ ಮೇಲೆ, ಅವಳು ಮಲಗುವ ಜಾಗದಲ್ಲಿ ಮುದುಡಿಕೊಂಡಿತ್ತು. ಹೊಸ ಲೆಕ್ಕದಂತೆ ಆರು ಚಮಚ ಕುಡಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ. ಆರೂ ಚಮಚ, ಅದರ ಹಿಂದೆ ಹಳದಿ ನೀರು, ಅದರ ಹಿಂದೆ ಏನೂ ಇಲ್ಲದೆ ಬರೀ ಮೈಯ ಸೆಳೆತ. ಕಾಲು ನಿಲ್ಲದೆ ಅದು ಪಕ್ಕಕ್ಕೆ ಬಿತ್ತು. ಸುಳ್ಳಿಗೆ ಮೈತುಂಬ ಕಾಲು, ಕೂರೋಕೆ ಮಾತ್ರ ಅಂಡಿಲ್ಲ ಎನ್ನುತ್ತಿದ್ದರು ನಮ್ಮ ತಾತ. ನನ್ನ ಸುಳ್ಳು ಓಡಿ ಓಡಿ ಆ ಬೆಕ್ಕಿನ ಹೊಟ್ಟೆಗೇ ಹೋಗಿ ಸೇರಿತ್ತು.

ಬೆಕ್ಕನ್ನು ತರಕಾರಿ ಬುಟ್ಟಿಗೆ ಹಾಕಿ, ಗೋಡೆಯ ಹಾಳೆಯನ್ನೂ ಕಿತ್ತುಕೊಂಡು ಡಾಕ್ಟರಮ್ಮನ ಬಳಿಗೆ ಓಡಿದೆ.

"ಮೇಡಂ, ಬೆಳಗಿನ ಸಾಲುಗಳಿವೆಯಲ್ಲ, ಅವು ಸುಳ್ಳು."

"ಯಾವುದು?"

"ಮೊದಲನೇ ದಿನದ್ದು ಬಿಟ್ಟು ಎಲ್ಲಾ."

ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದರು. "ಎರಡೆರಡು ಪೆನ್ನಲ್ಲಿ ಬರ್ದಿದೀರಿ?"

"ನಿಜ ಅನ್ನಿಸ್ಲಿ ಅಂತ."

"ಎಲ್ಲಿ ಕೆಲಸ ಸಾರ್ ನಿಮ್ದು?"

"ಪೀಣ್ಯದಲ್ಲಿ. ಕ್ವಾಲಿಟಿ."

"ಏನು ತಯಾರಾಗುತ್ತೆ ಅಲ್ಲಿ?"

"ಬಸ್ಸಿನ ಬ್ರೇಕಿಗೆ ಹಾಕೋ ಪಿನ್ನು ಮೇಡಂ."

ಅವರು ಸಿರಿಂಜಿಗೆ ಔಷಧಿ ತುಂಬುತ್ತಾ, "ಒಳ್ಳೇದಾಯ್ತು ಬಿಡಿ, ನಾನು ಸ್ಕೂಟರಲ್ಲಿ ಓಡಾಡೋದು" ಎಂದರು. ಆಮೇಲೆ ನಗಲಿಲ್ಲ. ಚರ್ಮದಡಿ ನೀರು ಏರಿಸಿದರು. ರಾತ್ರಿಯಿಡೀ ಖಾಲಿ ಬಿದ್ದ ಹೊಟ್ಟೆಗೆ ಬೆಳಗಿನ ಹೊತ್ತೇ ಕಷ್ಟದ್ದು, ಮಾತ್ರೆ ಬೇಕಾದದ್ದು ಆಗಲೇ. ಸೂಪು ಒಂದೇ ಚಮಚ, ಗಂಟೆಗೊಮ್ಮೆ ಎಂದರು. ಬಾಗಿಲು ದಾಟುವಾಗ ಕರೆದರು. "ಮೇಡಂಗೆ ನೀವೇ ಹೇಳ್ತೀರೋ, ನಾನು ಫೋನ್ ಮಾಡ್ಲೋ?"

ಅಂದು ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಆರಕ್ಕೆ ಬಂದಳು. ಚಪ್ಪಲಿ ಬಿಟ್ಟು, ಬೆಕ್ಕಿನಿಂದ ಆದಷ್ಟು ದೂರ ಗೋಡೆಗೊರಗಿ ಕೂತಳು. ಹೇಳಿದೆ. ಕೊಡದ ಸೂಪು, ಒರೆಸಿದ ನೆಲ, ಬದಲಾಯಿಸಿದ ಪೆನ್ನು, ಎಲ್ಲ.

ಅವಳು ಎದ್ದು ಕೈ ತೊಳೆದು, ಬೆಕ್ಕನ್ನು ಮಡಿಲಿಗೆ ಎಳೆದುಕೊಂಡು ಒಂದು ಚಮಚ ಕುಡಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ಅದರ ಗಂಟಲನ್ನೇ ನೋಡಿದೆವು. ಇಟ್ಟುಕೊಂಡಿತು.

ಆಮೇಲೆ ಹೇಳಿದಳು: "ಇನ್ಮೇಲೆ ನೀವು ಬರೀಬೇಡಿ. ಬರೀ ಒರೆಸಿ. ಒಂದು ವಾಂತಿಗೆ ಒಂದು ಬಟ್ಟೆ. ಒಗೀಬೇಡಿ, ಬಕೆಟ್ಟಲ್ಲಿ ಹಾಕಿಡಿ. ನಾನು ಬಂದು ಎಣಿಸಿ ಬರ್ಕೋತೀನಿ."

"ವಾಸನೆ ಬರುತ್ತೆ ಕಣೇ."

"ಬರ್ಲಿ ರೀ. ವಾಸನೆ ಸುಳ್ಳು ಹೇಳಲ್ಲ."

ಹೀಗೆ ಕ್ವಾಲಿಟಿ ಇನ್‌ಸ್ಪೆಕ್ಟರನ ಮನೆಗೆ ಒಬ್ಬಳು ಇನ್‌ಸ್ಪೆಕ್ಟರ್ ಬಂದಳು. ಮೊದಲ ಸಂಜೆ ನಾಲ್ಕು ಬಟ್ಟೆ. ಮಾರನೆಯ ದಿನ ಮೂರು, ಅದರ ಮಾರನೆಯ ದಿನ ಮತ್ತೆ ನಾಲ್ಕು. ಅವತ್ತು ಊಟ ಇಬ್ಬರಿಗೂ ಸೇರಲಿಲ್ಲ. ಆಮೇಲೆ ಎರಡು, ಒಂದು. ನಾನೋ ಗಡಿಯಾರದ ಅಲಾರಂ ಗಂಟೆಗೊಮ್ಮೆ ಇಟ್ಟುಕೊಂಡು, ಚಮಚ ಹಿಡಿದು, ಬೆಕ್ಕಿನ ಮುಂದೆ ಕೂತಿರುತ್ತಿದ್ದೆ.

ಒಂದು ಸಂಜೆ ಅವಳು ಬಂದಾಗ ಬಕೆಟ್ ಖಾಲಿ ಇತ್ತಂತೆ. ನಾನು ಶಿಫ್ಟಿನಲ್ಲಿದ್ದೆ, ಅಜ್ಜಿ ಆಮೇಲೆ ಹೇಳಿದ್ದು. ಹೆಂಡತಿ ಸೀದಾ ತಾರಸಿಗೆ ಹೋಗಿ, ಹಗ್ಗದ ಮೇಲಿದ್ದ ಒಂದೊಂದು ಬಟ್ಟೆಯನ್ನೂ ಒದ್ದೆ ಇದೆಯೇ ಎಂದು ಹಿಂಡಿ ನೋಡಿದಳಂತೆ. ಸಾಲದ್ದಕ್ಕೆ ಕೆಳಗಿಳಿದು ಬಂದು, ಇವರು ಬೆಳಗ್ಗೆ ಏನಾದರೂ ಒಗೆದರಾ ಎಂದು ಅಜ್ಜಿಯನ್ನೇ ಕೇಳಿದಳಂತೆ.

"ಒಗೆಯೋದಿರ್ಲಿ ಕಣವ್ವ," ಅಂದರಂತೆ ಅಜ್ಜಿ, "ನಿನ್ ಗಂಡ ನಲ್ಲಿ ತಿರುಗ್ಸಿದ್ ಸದ್ದೇ ಇಲ್ಲ. ಸ್ನಾನನೂ ಮಾಡ್ದಂಗಿಲ್ಲ."

ರಾತ್ರಿ ಬಂದು ಗೋಡೆಯ ಹಾಳೆ ನೋಡಿದೆ. ಅವಳ ದುಂಡಕ್ಷರದಲ್ಲಿ ಇತ್ತು: "ಇವತ್ತು ವಾಂತಿ ಇಲ್ಲ." ಷರಾ ಕಾಲಮ್ಮಿನಲ್ಲಿ: "ಅಜ್ಜಿ ಸಾಕ್ಷಿ."