ಅತ್ತೆ, ನಾನು ಮತ್ತು ಬಿಡದ ಬ್ರೇಕು

ಬೈಕಿನ ಹಿಂದಿನ ಬ್ರೇಕಿನ ಪೆಡಲ್ಲು ಬಲಗಾಲ ಬೆರಳಿಗೆ ಎಟುಕುವ ಒಂದು ಬಡಪಾಯಿ ಕಬ್ಬಿಣದ ತುಂಡು. ಅದು ಹಿಡಿಯದೆ ಹೋದರೆ ಗತಿಯೇನೆಂದು ನಾವೆಲ್ಲ ಹೆದರುತ್ತೇವೆಯೇ ಹೊರತು, ಹಿಡಿದದ್ದನ್ನು ಬಿಡದೆ ಹೋದರೆ ಹೇಗೆಂದು, ನಿಜ ಹೇಳಿ, ಎಂದಾದರೂ ಯೋಚಿಸಿದ್ದೀರಾ? ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಆ ಬೆಳಗಿನ ತನಕ ನಾನೂ ಯೋಚಿಸಿರಲಿಲ್ಲ.

ಅತ್ತೆಯೆಂದರೆ ನನ್ನ ಹೆಂಡತಿಯ ತಾಯಿ. ಸರಸ್ವತಿ ನಗರದ ನಮ್ಮ ಮನೆಯಲ್ಲೇ ಇರುತ್ತಾರೆ. ಹರಿಹರದಲ್ಲಿ ಅವರಿಗೊಬ್ಬ ಅಕ್ಕ. ಮಾವ ತೀರಿಕೊಂಡ ವರ್ಷ, ಅಕ್ಕನ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಬಂದ ಹೆಂಗಸರಿಗೆಲ್ಲ ಉಡಿ ತುಂಬುತ್ತ ಬಂದ ಆ ಅಕ್ಕ, ಒಡಹುಟ್ಟಿದ ತಂಗಿಯನ್ನು ವಿಧವೆಯೆಂದು ದಾಟಿ ಮುಂದಕ್ಕೆ ಹೋದರಂತೆ. ಅಂದು ಎದ್ದು ಬಂದ ಅತ್ತೆ ಮತ್ತೆ ಆ ಹೊಸಿಲು ತುಳಿಯಲಿಲ್ಲ. ಅಕ್ಕನ ಮಾತು ಬಂದರೂ 'ಹರಿಹರದಾಕಿ' ಎನ್ನುವರು, ಅಷ್ಟೇ. ಆ ಹರಿಹರದಾಕಿ ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನವಿಲ್ಲ ಎಂಬ ಸುದ್ದಿ ಬಂದಾಗಲೂ ಇವರು ತುಟಿ ಬಿಚ್ಚಲಿಲ್ಲ. ಆ ಬೆಳಿಗ್ಗೆ ಮಾತ್ರ ಕೈಯಲ್ಲೊಂದು ಚೀಲ ಹಿಡಿದು ಬಂದು, "ಅಳಿಯಂದ್ರೇ, ಗಾಡಿ ತೆಗೀರಿ, ಹೋಗಿ ಬಂದ್ಬಿಡಾಣ" ಎಂದರು. ಕಾರು ಗೊತ್ತು ಮಾಡುತ್ತ ಕೂತರೆ ಮನಸ್ಸು ತಿರುಗೀತೆಂದು ಹೆದರಿ, ಚಹಾ ಅರ್ಧಕ್ಕೇ ಬಿಟ್ಟು ಬೈಕು ತೆಗೆದೆ.

ದಾರಿಯಲ್ಲಿ ಬಾತಿ ಎಂಬ ಊರು ದಾಟುತ್ತಿದ್ದಂತೆ ಗಾಡಿ ಯಾರೋ ಹಿಂದಿನಿಂದ ಜಗ್ಗಿದಂತೆ ಮುಲುಗತೊಡಗಿತು. "ಏನೋ ಸುಟ್ಟ ವಾಸ್ನೆ ಬರ್ತೈತ್ರಿ" ಎಂದರು ಅತ್ತೆ. ಇಳಿದು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ಜಪ್ಪಯ್ಯ ಎಂದರೂ ಅಲುಗದು. ಬ್ರೇಕಿನ ಡ್ರಮ್ಮಿನ ಹತ್ತಿರ ಕೈ ಒಯ್ದರೆ ಕಾದ ಹಂಚಿನ ಝಳ.

"ನೋಡಿದ್ರಾ? ಹೋಗಬ್ಯಾಡ ಅಂತ ದೇವ್ರೇ ಹಿಡ್ದು ನಿಲ್ಲಿಸ್ಯಾನೆ. ತಿರುಗಿಸ್ರಿ ಗಾಡಿ."

ತಿರುಗದ ಗಾಡಿಯನ್ನು ಎತ್ತ ತಿರುಗಿಸಲಿ? "ಆಟೊದಾಗೆ ಹೋಗಾಣ್ರಿ ಅತ್ತೆ, ಹರಿಹರ ಇಲ್ಲೇ ಐತೆ" ಎಂದೆ. ಅವರು ಕಿವಿಗೆ ಹಾಕಿಕೊಳ್ಳದೆ ರಸ್ತೆ ದಾಟಿ, ದಾವಣಗೆರೆಯ ಕಡೆ ಹೋಗುವ ವಾಹನಗಳಿಗೆ ಕೈ ಒಡ್ಡಿ ನಿಂತುಬಿಟ್ಟರು. ಹೆತ್ತವ್ವನಾಗಿದ್ದರೆ ಗದರಿ ಕರೆತರುತ್ತಿದ್ದೆ. ಹೆಣ್ಣು ಕೊಟ್ಟ ಅತ್ತೆಯನ್ನು ಅಳಿಯನಾದವನು ಗದರುವುದುಂಟೇ? ಈಗ ಮನೆಗೆ ಮರಳಿದರೆ ಈ ಜನ್ಮದಲ್ಲಿ ಅವರು ಮತ್ತೆ ಹೊರಡುವುದಿಲ್ಲವೆಂದು ನನಗೆ ಖಚಿತವಿತ್ತು. ಕಾದ ಡ್ರಮ್ಮಿಗೆ ನೀರು ಹಾಕಿದರೆ ಬಿರಿದೀತು, ತಾನಾಗಿಯೇ ಆರಬೇಕು. ಅದು ಆರುವಷ್ಟರಲ್ಲಿ ಇವರ ಮನಸ್ಸೂ ಆರಿಹೋದರೆ?

ಕೈಕಟ್ಟಿ ಕೂರಲಾರದೆ ಬಗ್ಗಿ ನೋಡಿದೆ. ಪೆಡಲ್ಲು ಯಾರೂ ತುಳಿಯದೆಯೇ ಕೆಳಗೆ ಕೂತಿತ್ತು. ಬೆರಳಿನಿಂದ ಮೇಲಕ್ಕೆತ್ತಿದೆ, ಚಕ್ರ ಸಡಿಲವಾಯಿತು. ಒತ್ತಿದೆ, ಮತ್ತೆ ಅಲ್ಲೇ ಕೂತಿತು. ಅಂದರೆ ಚಕ್ರದ್ದೇನೂ ತಪ್ಪಿಲ್ಲ. ಪೆಡಲ್ಲು ತಿರುಗುವ ಕೀಲು ತುಕ್ಕು ಹಿಡಿದಿದೆ. ಹೊರಗೆಲ್ಲ ತೊಳೆಸಿ ಮಿರಮಿರ ಮಿಂಚಿಸಿದ್ದೆ, ಕೀಲಿಗೆ ಹನಿ ಎಣ್ಣೆ ಬಿಟ್ಟಿರಲಿಲ್ಲ. ನಮ್ಮ ಸಂಬಂಧಗಳ ಹಣೆಬರಹವೂ ಬಹುಶಃ ಇಷ್ಟೇ: ಒಮ್ಮೆ ಒತ್ತಿದ್ದು ಯಾರೋ, ಆದರೆ ವರ್ಷಗಟ್ಟಲೆ ಮೇಲೇಳದೆ ಕೂತು ಸುಡುವುದು ನಾವೇ.

ಅಷ್ಟರಲ್ಲಿ ಆಟೊವೊಂದು ಅತ್ತೆಯ ಮುಂದೆ ನಿಂತೇಬಿಟ್ಟಿತು. ನಾನು ದಿಕ್ಕು ತೋಚದೆ ಕೂಗಿದೆ: "ಅತ್ತೇ, ಗಾಡಿ ಸರಿ ಆಗ್ತೈತ್ರಿ! ಒಂದೀಟು ಎಣ್ಣೆ ಇದ್ರೆ ಸಾಕು!"

ಅತ್ತೆ ಆಟೊದ ಕಂಬಿ ಹಿಡಿದವರು ಹಾಗೇ ನಿಂತರು. ಕೈಯ ಚೀಲವನ್ನೊಮ್ಮೆ ನೋಡಿಕೊಂಡರು. ಆಟೊದವನು ಏನೋ ಗೊಣಗಿ ಹೊರಟುಹೋದ. ನಿಧಾನಕ್ಕೆ ರಸ್ತೆ ದಾಟಿ ಬಂದು ಚೀಲದಿಂದ ಹರಳೆಣ್ಣೆಯ ಸೀಸೆ ತೆಗೆದರು. "ಅಕ್ಕಗ ಅಂಗಾಲು ಉರಿ ಅಂತೆ. ಹಚ್ಚಾಣ ಅಂತ ತಂದಿದ್ದೆ. ಜಾಸ್ತಿ ಹಾಕಬ್ಯಾಡ್ರಿ, ಆಕಿಗೆ ಉಳೀಬೇಕು."

ಅಕ್ಕ! ನಾನು ಸೀಸೆ ಇಸಿದುಕೊಂಡೆ. ಚಕ್ರದತ್ತ ಹರಿಯದಂತೆ ಕೀಲಿಗಷ್ಟೇ ಹನಿಸಿ, ಒತ್ತುತ್ತ ಎತ್ತುತ್ತ ಹೋದೆ. ಕಂದು ಕೊಳೆ ಒಸರಿತು, ಕೊನೆಗೊಮ್ಮೆ ಪೆಡಲ್ಲು ತಾನಾಗಿಯೇ ಮೇಲೆದ್ದಿತು. ಡ್ರಮ್ಮು ಆರುವ ತನಕ ಅತ್ತೆ ರಸ್ತೆಬದಿಯ ಕಲ್ಲಿನ ಮೇಲೆ ಸೀಸೆ ಹಿಡಿದು ಕೂತಿದ್ದರು.

ಹರಿಹರದ ಮನೆಯ ನಡುಮನೆಯಲ್ಲಿ ಮಂಚ. ಮಲಗಿದ್ದವರು ಕಣ್ಣು ಕಿರಿದು ಮಾಡಿ ತಂಗಿಯನ್ನು ಗುರುತು ಹಿಡಿದರು. ನಾನು ಬಾಗಿಲಲ್ಲೇ ನಿಂತೆ.

"ನಾ ಸತ್ತ ಮ್ಯಾಲೆ ಬರಾಣ ಅಂತ ಮಾಡಿದ್ದಿಯೇನೇ?"

ಅತ್ತೆ ಮಂಚದ ಅಂಚಿಗೆ ಕೂತು, ಅಕ್ಕನ ಪಾದವೆತ್ತಿ ಮಡಿಲಲ್ಲಿಟ್ಟುಕೊಂಡರು.

"ಸತ್ತಿದ್ರೆ ಬರ್ತಿದ್ದಿಲ್ಲ. ನೀ ಇನ್ನೂ ಅದೀ ಅಂತ ಬಂದೀನಿ."